ಸೊರಗಿದ ಬಡಾವಣೆಯ ಅಂಗಡಿ ಬೀದಿಗೆ ಮತ್ತೆ ಜೀವ ತುಂಬುವುದು ಹೇಗೆ?

ಸಂಜೆ ಆರೂವರೆ. ಬೆಂಗಳೂರಿನ ಹೊರಭಾಗದ ಒಂದು ಬಡಾವಣೆಯ ಮುಖ್ಯರಸ್ತೆ. ಸಾಲಾಗಿರುವ ಹತ್ತು ಶಟರ್‌ಗಳಲ್ಲಿ ನಾಲ್ಕು ಮುಚ್ಚಿವೆ. ಒಂದರ ಮೇಲೆ ‘ಟು ಲೆಟ್’ ಬೋರ್ಡ್ ಇದೆ, ಆದರೆ ಫೋನ್ ನಂಬರಿನ ಕೊನೆಯ ಎರಡು ಅಂಕಿ ಬಿಸಿಲಿಗೆ ಅಳಿಸಿಹೋಗಿವೆ. ಫುಟ್‌ಪಾತಿನ ಚಪ್ಪಡಿ ಮೋರಿಯೊಳಗೆ ವಾಲಿದೆ. ಯಾರೂ ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಅದರೊಳಗೆ ಹೊಂಗೆ ಕೊಂಬೆ ಸಿಕ್ಕಿಸಿದ್ದಾರೆ. ಕೊಂಬೆಯ ಎಲೆ ಒಣಗಿ ಉದುರಿಯೂ ಆಗಿದೆ.

ಇಂಥ ಬೀದಿ ನಿಮ್ಮ ಬಡಾವಣೆಯಲ್ಲೂ ಇರುತ್ತದೆ. ನನ್ನ ಸ್ಟೇಷನರಿ ಅಂಗಡಿ ಇರುವುದೂ ಇಂಥದ್ದೇ ಬೀದಿಯಲ್ಲಿ. ಮಾಲ್ ಬಂತು, ಆ್ಯಪ್ ಬಂತು, ಇನ್ನು ನಮ್ಮ ಕಥೆ ಮುಗೀತು ಅಂತ ಬಹಳ ಜನ ಹೇಳುತ್ತಾರೆ. ಆದರೆ ಇದೇ ಊರಿನ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಜಯನಗರ ನಾಲ್ಕನೇ ಬ್ಲಾಕ್‌ನಲ್ಲಿ ಇವತ್ತಿಗೂ ಕಾಲಿಡಲು ಜಾಗ ಇರುವುದಿಲ್ಲ. ಆ್ಯಪ್ ಅಲ್ಲಿಯವರ ಫೋನಿನಲ್ಲೂ ಇದೆ ಅಲ್ವಾ?

ನನಗೆ ಅರ್ಥವಾದದ್ದು ಇಷ್ಟು. ಅಂಗಡಿ ಹಾಕಲು ಜಾಗ ನೋಡಲು ಬರುವವರು ಮಳಿಗೆಯ ಒಳಗೆ ನಿಲ್ಲುವುದು ಎರಡು ನಿಮಿಷ. ಆಮೇಲೆ ಹೊರಗೆ ಬಂದು ಎಡಗಡೆ ಯಾರಿದ್ದಾರೆ, ಬಲಗಡೆ ಯಾರಿದ್ದಾರೆ, ಸಂಜೆ ಹೊತ್ತು ಹೆಂಗಸರು ಮಕ್ಕಳು ಓಡಾಡುತ್ತಾರಾ ಅಂತ ನೋಡುತ್ತಾರೆ. ಹಾಗಾಗಿ ಒಳ್ಳೆಯ ಅಂಗಡಿ ಬರಬೇಕಾದರೆ ಮೊದಲು ಈಗಿರುವ ಅಂಗಡಿಗಳ ಮುಂದಿನ ಜಾಗ ಸರಿಹೋಗಬೇಕು. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಎಣಿಸಿ

ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಒಂದು ಬುಧವಾರ, ಒಂದು ಶನಿವಾರ ಆರಿಸಿಕೊಳ್ಳಿ. ಬೆಳಿಗ್ಗೆ 8ರಿಂದ 9, ಮಧ್ಯಾಹ್ನ 12ರಿಂದ 1, ಸಂಜೆ 6ರಿಂದ 9. ನಡೆದು ಹೋಗುವವರು ಎಷ್ಟು, ಗಾಡಿ ನಿಲ್ಲಿಸಿ ಇಳಿಯುವವರು ಎಷ್ಟು, ಅಂಗಡಿಯೊಳಗೆ ಹೋಗುವವರು ಎಷ್ಟು ಅಂತ ಗೆರೆ ಎಳೆಯುತ್ತಾ ಹೋಗಿ. ನಾಲ್ಕು ಗೆರೆ, ಅಡ್ಡಕ್ಕೆ ಒಂದು. ರಾತ್ರಿ ಎಂಟು ಗಂಟೆಯ ಮೇಲೆ ಎಷ್ಟು ಹೆಂಗಸರು ಓಡಾಡಿದರು ಅನ್ನೋದನ್ನು ಬೇರೆ ಬರೆದಿಡಿ. ಬೀದಿಯ ಬೆಳಕು ಹೇಗಿದೆ, ಜನಕ್ಕೆ ಅಲ್ಲಿ ಧೈರ್ಯ ಇದೆಯಾ ಅನ್ನೋದನ್ನು ಆ ಒಂದು ಅಂಕಿ ಹೇಳುತ್ತದೆ.

ಎಣಿಸಲು ಕೂತಾಗ ಕಣ್ಣಿಗೆ ಬೀಳುವುದು ಬರೀ ಸಂಖ್ಯೆ ಅಲ್ಲ. ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಬಸ್ ಸ್ಟಾಪಿಗೆ ಹೋಗುವವರೆಲ್ಲ ಎದುರುಗಡೆಯೇ ನಡೆಯುತ್ತಿದ್ದರು. ಎಷ್ಟೋ ವರ್ಷದಿಂದ ಅದೇ ರಸ್ತೆಯಲ್ಲಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಕುರ್ಚಿ ಹಾಕಿಕೊಂಡು ಕೂತ ಮೇಲೆ ಕಾರಣ ಕಾಣಿಸಿತು. ನಮ್ಮ ಕಡೆ ಮೂರು ಚಪ್ಪಡಿ ಒಡೆದಿದ್ದವು. ಅದರ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಕಸದ ರಾಶಿ. ಜನ ಅಲ್ಲಿಗೆ ಬಂದು ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದರು. ನಮ್ಮ ಕಡೆಯ ಐದಾರು ಅಂಗಡಿಗೆ ಆ ಗಿರಾಕಿಗಳು ಸಿಗುತ್ತಲೇ ಇರಲಿಲ್ಲ.

ಎಣಿಕೆ ಆದ ಮೇಲೆ ಸುತ್ತಮುತ್ತಲ ಮನೆಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಹೋದ ತಿಂಗಳು ಯಾವುದನ್ನು ಕೊಳ್ಳಲು ಬಡಾವಣೆಯಿಂದ ಹೊರಗೆ ಹೋಗಿದ್ರಿ? ಮಗುವಿಗೆ ಶಾಲೆಯ ಶೂ, ಕನ್ನಡಕ, ಬ್ಲೌಸ್ ಹೊಲಿಸೋದು, ತಾಜಾ ಸೊಪ್ಪು, ಮನೆಮಂದಿಯೆಲ್ಲ ಕೂತು ತಿನ್ನುವಂಥ ಹೋಟೆಲ್. ಐವತ್ತು ಮನೆಯ ಉತ್ತರ ಸಿಕ್ಕರೆ ನಿಮ್ಮ ಬೀದಿಗೆ ಯಾವ ಅಂಗಡಿ ಬೇಕು ಅನ್ನೋ ಪಟ್ಟಿ ತಾನಾಗಿ ತಯಾರಾಗುತ್ತದೆ.

ಹೆಜ್ಜೆ 2: ಅಂಗಡಿಯವರು, ಮಳಿಗೆ ಮಾಲೀಕರು ಒಂದೆಡೆ ಕೂರಲಿ

ಕೆನಡಾದ ಟೊರಾಂಟೊ ನಗರದಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಅಂತ ಒಂದು ಅಂಗಡಿ ಬೀದಿ ಇದೆ. ಅಲ್ಲಿಯವರೂ ನಮ್ಮ ಹಾಗೇ ಕಷ್ಟಕ್ಕೆ ಬಿದ್ದಿದ್ದರು. ಮಾಲ್‌ಗಳು ಬಂದವು, ಮೆಟ್ರೋ ರೈಲು ಜನರನ್ನು ನೆಲದಡಿಯಲ್ಲೇ ದಾಟಿಸಿತು. 1970ರಲ್ಲಿ ಅಲ್ಲಿಯ ವ್ಯಾಪಾರಿಗಳು ಎಲ್ಲರೂ ಕಡ್ಡಾಯವಾಗಿ ಸ್ವಲ್ಪ ಸ್ವಲ್ಪ ಹಣ ಹಾಕಿ ಬೀದಿಯನ್ನು ತಾವೇ ಸುಧಾರಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡರು. ದೀಪ, ಬೆಂಚು, ಗಿಡ, ಹಬ್ಬಗಳು. ಜಗತ್ತಿನಲ್ಲಿ ಆ ರೀತಿಯ ವ್ಯವಸ್ಥೆಗೆ ಅದೇ ಮೊದಲು. ಆಮೇಲೆ ಬಹಳ ದೇಶಗಳು ಅದನ್ನು ಅನುಸರಿಸಿದವು.

ಅಲ್ಲಿ ಆ ವಂತಿಗೆಗೆ ಕಾನೂನಿನ ಬಲ ಇದೆ. ನಾವು ಒಪ್ಪಿಗೆಯಿಂದಲೇ ಮಾಡಿಕೊಳ್ಳಬೇಕು. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ವರ್ತಕರ ಸಂಘ ನೋಂದಾಯಿಸಬಹುದು. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ ಇರಲಿ. ಒಬ್ಬರ ಸ್ವಂತ ಫೋನ್‌ಪೇಗೆ ದುಡ್ಡು ಹಾಕಿಸಿಕೊಳ್ಳುವುದು ಬೇಡ. ಎಷ್ಟೇ ಪ್ರಾಮಾಣಿಕರಾದರೂ ಮೂರನೇ ತಿಂಗಳಿಗೆ ಮಾತು ಶುರುವಾಗುತ್ತದೆ. ತಿಂಗಳಿಗೆ ಅಂಗಡಿಗೆ ಇನ್ನೂರು ರೂಪಾಯಿ ಆದರೂ ಸರಿ. ಲೆಕ್ಕವನ್ನು ಕಾಗದದ ಮೇಲೆ ಬರೆದು ಯಾವುದಾದರೂ ಅಂಗಡಿಯ ಗೋಡೆಗೆ ಅಂಟಿಸಿ.

ಒಂದು ಮಾತು ಮರೆಯಬೇಡಿ. ಬಾಡಿಗೆಗಿರುವ ವ್ಯಾಪಾರಿಗಳು ಮಾತ್ರ ಸೇರಿದರೆ ಸಾಲದು, ಮಳಿಗೆ ಮಾಲೀಕರು ಬೇಕೇ ಬೇಕು. ಅದರಲ್ಲೂ ಮುಚ್ಚಿದ ಶಟರ್‌ಗಳ ಮಾಲೀಕರು. ಅವರು ಬೇರೆ ಊರಿನಲ್ಲಿರುತ್ತಾರೆ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಇರುತ್ತದೆ, ಇಲ್ಲವೇ ಮಗ ಅಮೆರಿಕದಲ್ಲಿ, ತಾಯಿ ಒಬ್ಬರೇ ಇಲ್ಲಿ. ಹಳೇ ಬಾಡಿಗೆದಾರರನ್ನು, ಪಕ್ಕದ ಮನೆಯವರನ್ನು ಕೇಳಿ ಪತ್ತೆ ಮಾಡಿ. ಮಾತಾಡುವಾಗ ದೂರು ಹೇಳಬೇಡಿ. ‘ಅಮ್ಮಾ, ನಿಮ್ಮ ಮಳಿಗೆಗೆ ಒಳ್ಳೆ ಬಾಡಿಗೆದಾರರನ್ನು ಹುಡುಕೋಣ ಅಂತಿದ್ದೀವಿ’ ಅಂತ ಶುರು ಮಾಡಿ.

ಹೆಜ್ಜೆ 3: ನೂರು ಮೀಟರ್ ಹಿಡಿಯಿರಿ

ಇಡೀ ರಸ್ತೆ ಸರಿ ಮಾಡಲು ಹೋಗಬೇಡಿ. ಈಗಾಗಲೇ ಸ್ವಲ್ಪ ವ್ಯಾಪಾರ ಇರುವ ತುದಿಯಿಂದ ನೂರು ಮೀಟರ್ ಸಾಕು. ಒಳ್ಳೆಯ ತರಕಾರಿ ಅಂಗಡಿಯೋ ಮೆಡಿಕಲ್ ಸ್ಟೋರೋ ಇರುವ ಕಡೆಯಿಂದ ಶುರು ಮಾಡಿ. ಅತಿ ಕೆಟ್ಟಿರುವ ತುದಿಯಿಂದ ಶುರು ಮಾಡಿದರೆ ಕೈ ಸೋಲುತ್ತದೆ.

ಮೊದಲು ಕಸ. ಕಸದ ಮೂಲೆಯನ್ನು ಗುಡಿಸಿದರೆ ಸಾಲದು, ಮರುದಿನ ಬೆಳಿಗ್ಗೆಯೇ ಅಲ್ಲಿ ಮತ್ತೆ ಚೀಲ ಬಿದ್ದಿರುತ್ತದೆ. 2010ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಇದಕ್ಕೆ ಒಂದು ದಾರಿ ತೋರಿಸಿದ್ದಾರೆ. ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ ಕೆಲಸ ಮಾಡುವವರು ಅವರು. ಮೂಲೆ ಕ್ಲೀನ್ ಮಾಡಿದ ದಿನವೇ ಗೋಡೆಗೆ ಬಣ್ಣ ಬಳಿಯುತ್ತಾರೆ. ಎಲೆಅಡಿಕೆ ಉಗುಳು ಬೀಳುವ ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ, ಮೇಲೆ ತಿಳಿ ಬಣ್ಣ. ಕೆಳಗೆ ಗಿಡದ ಕುಂಡ ಇಡುತ್ತಾರೆ ಅಥವಾ ಕೂರುವ ಕಲ್ಲು ಹಾಕುತ್ತಾರೆ. ನೆಲದ ಮೇಲೆ ರಂಗೋಲಿ ಇದ್ದರೆ ಅದರ ಮೇಲೆ ಕಸ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಆದರೆ ಕಸ ಹಾಕುವವರು ಎಲ್ಲಿ ಹಾಕಬೇಕು ಅನ್ನೋ ಪ್ರಶ್ನೆಗೂ ಉತ್ತರ ಇರಬೇಕು. ಬೆಳಿಗ್ಗೆ ಕಸದ ಆಟೋ ಬರುವ ಹೊತ್ತಿಗೆ ಅಂಗಡಿಗಳು ತೆಗೆದಿರುವುದಿಲ್ಲ. ನಿಜವಾದ ತೊಂದರೆ ಅದೇ. ಪೌರಕಾರ್ಮಿಕರ ಮೇಸ್ತ್ರಿಯ ಜೊತೆ ಮಾತಾಡಿ, ಅಂಗಡಿ ಸಾಲಿಗೆ ಹತ್ತು ಗಂಟೆಗೆ ಇನ್ನೊಂದು ಸುತ್ತು ಬರುವಂತೆ ಕೇಳಿಕೊಳ್ಳಿ. ಆ ಸುತ್ತು ಬರುವವರೆಗೂ ಮೂಲೆ ಕಾಯಲು ದಿನಕ್ಕೊಂದು ಅಂಗಡಿಯವರು ಸರದಿ ಹಾಕಿಕೊಳ್ಳಿ. ಮೂರು ವಾರ ಕಾದರೆ ಅಭ್ಯಾಸ ತಪ್ಪುತ್ತದೆ.

ಆಮೇಲೆ ಫುಟ್‌ಪಾತ್. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದ ಪ್ರಕಾರ ಅಡೆತಡೆ ಇಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಇಬ್ಬರು ಎದುರುಬದುರು ಆರಾಮಾಗಿ ದಾಟುವಷ್ಟು. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು. ಟೇಪು ಹಿಡಿದು ಅಳೆಯಿರಿ. ಮೊಣಕಾಲು ನೋವಿರುವ ಅಜ್ಜಿ ಹತ್ತಿ ಇಳಿಯಲಾರದ ಫುಟ್‌ಪಾತಿನಲ್ಲಿ ಗಿರಾಕಿ ನಿಲ್ಲುವುದಿಲ್ಲ. ಒಡೆದ ಚಪ್ಪಡಿ, ಕೆಟ್ಟ ಬೀದಿದೀಪದ ಪಟ್ಟಿ ಮಾಡಿ, ಕಂಬದ ನಂಬರು ಮತ್ತು ಫೋಟೋ ಸಮೇತ ಪಾಲಿಕೆಯ 1533ಕ್ಕೆ ದೂರು ಕೊಡಿ. ಕರೆಂಟಿನ ತೊಂದರೆಗೆ ಬೆಸ್ಕಾಂ ಸಹಾಯವಾಣಿ 1912. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ, ವಾರ್ಡ್ ಎಂಜಿನಿಯರ್ ಯಾರು ಅಂತ ಮೊದಲೇ ತಿಳಿದುಕೊಂಡರೆ ಸುಮ್ನೆ ಅಲೆದಾಡುವುದು ತಪ್ಪುತ್ತದೆ.

ಬೋರ್ಡ್‌ಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಳೇ ಬೋರ್ಡ್ ಹೇಗೂ ಬದಲಾಗಬೇಕಾದರೆ ಹತ್ತು ಅಂಗಡಿಯವರು ಒಟ್ಟಿಗೇ ಮಾಡಿಸಿ. ಎತ್ತರ ಎಲ್ಲರದೂ ಒಂದೇ ಇರಲಿ, ಬಣ್ಣ ಅವರವರ ಇಷ್ಟ. ಕೈಯಲ್ಲಿ ಅಕ್ಷರ ಬರೆಯುವ ಕಲಾವಿದರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಕೆಲಸ ಕೊಡಿ. ಹರಿದು ನೇತಾಡುವ ಫ್ಲೆಕ್ಸ್ ಎದುರು ಕೈಬರಹದ ಕನ್ನಡ ಬೋರ್ಡ್ ಎಷ್ಟು ಚಂದ ಕಾಣುತ್ತದೆ ಅಂತ ನೋಡಿದವರಿಗೇ ಗೊತ್ತು.

ಮುಚ್ಚಿದ ಶಟರ್‌ಗಳನ್ನೂ ಬಿಡಬೇಡಿ. ಮಾಲೀಕರ ಒಪ್ಪಿಗೆ ಪಡೆದು ಧೂಳು ತೊಳೆದು, ಬಣ್ಣ ಹೊಡೆದು, ಮೇಲೆ ಒಂದು ಎಲ್‌ಇಡಿ ದೀಪ ಹಾಕಿ. ಬಿಳಿಚಿಕೊಂಡ ಬೆಳಕಿಗಿಂತ ತಿಳಿ ಹಳದಿ ಬೆಳಕು ಒಳ್ಳೆಯದು. ಅಳಿಸಿಹೋದ ಫೋನ್ ನಂಬರನ್ನು ಮತ್ತೆ ಬರೆಸಿ.

ಹೆಜ್ಜೆ 4: ತಳ್ಳುಗಾಡಿಯವರನ್ನು ಓಡಿಸಬೇಡಿ

‘ಕ್ಲೀನ್ ಮಾಡೋಣ’ ಅಂದ ಕೂಡಲೇ ಸಭೆಯಲ್ಲಿ ಒಬ್ಬರಾದರೂ ಬೀದಿ ವ್ಯಾಪಾರಿಗಳನ್ನು ಎಬ್ಬಿಸೋಣ ಅನ್ನುತ್ತಾರೆ. ದಯವಿಟ್ಟು ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವ ಹಾಗೂ ಇಲ್ಲ. ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ ಅವರಿಲ್ಲದ ಬೀದಿ ಬರಡು.

ನಮ್ಮ ರಸ್ತೆಯ ಹೊಂಗೆ ಮರದ ಕೆಳಗೆ ಹೂ ಮಾರುವ ಒಬ್ಬರು ಅಮ್ಮ ಇದ್ದಾರೆ. ಸಂಜೆ ನಾಲ್ಕಕ್ಕೆ ಒದ್ದೆ ಗೋಣಿಚೀಲ ಹಾಸಿ, ಮಲ್ಲಿಗೆ, ಕಾಕಡ, ಸೇವಂತಿಗೆ ಬೇರೆ ಬೇರೆ ಇಟ್ಟು ಕೂರುತ್ತಾರೆ. ಮೊಳ ಹಾಕುವಾಗ ಮೊಣಕೈಯಿಂದಾಚೆ ಎರಡು ಬೆರಳು ಜಾಸ್ತಿಯೇ ಬಿಡುತ್ತಾರೆ. ಅವರ ಹತ್ತಿರ ಹೂ ತಗೊಳ್ಳಲು ನಿಂತವರೇ ಪಕ್ಕದ ಗ್ರಂಥಿಗೆ ಅಂಗಡಿಗೆ ಕರ್ಪೂರಕ್ಕೆ ಹೋಗುತ್ತಾರೆ, ಅಲ್ಲಿಂದ ನನ್ನ ಅಂಗಡಿಗೆ ಮಗುವಿನ ಚಾರ್ಟ್ ಶೀಟಿಗೆ ಬರುತ್ತಾರೆ. ಒಂದು ವಾರ ಅವರು ಊರಿಗೆ ಹೋಗಿದ್ದಾಗ ನಮ್ಮ ಎರಡೂ ಅಂಗಡಿಗೆ ಅದು ಗೊತ್ತಾಯಿತು.

ಜಾಗ ಗುರುತು ಮಾಡಿಕೊಡಿ. ನಡೆಯುವ 1.8 ಮೀಟರ್ ಬಿಟ್ಟು, ಮರ ಮತ್ತು ಕಂಬಗಳ ಸಾಲಿನಲ್ಲಿ ಅವರ ಜಾಗ ಇರಲಿ. ಕುಡಿಯುವ ನೀರು, ಶೌಚಾಲಯ ಯಾವ ಅಂಗಡಿಯಲ್ಲಿ ಬಳಸಬಹುದು ಅಂತ ಮಾತಾಡಿಕೊಳ್ಳಿ. ಅವರಲ್ಲಿ ಇಬ್ಬರಾದರೂ ಸಂಘದ ಸಭೆಗೆ ಬರಲಿ. ಬೀದಿ ವ್ಯಾಪಾರಿಗಳಿಗಾಗಿಯೇ ಇರುವ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲಕ್ಕೆ ಅರ್ಜಿ ತುಂಬಲು ಅಕ್ಷರ ಬಲ್ಲವರು ನೆರವಾಗಿ.

ಹೆಜ್ಜೆ 5: ಪಾರ್ಕಿಂಗ್

ಎಲ್ಲರೂ ಕಾರ್ ಪಾರ್ಕಿಂಗ್ ಇಲ್ಲ ಅಂತಲೇ ಹೇಳುತ್ತಾರೆ. ಆದರೆ ಒಂದು ಕಾರು ನಿಲ್ಲುವ ಜಾಗದಲ್ಲಿ ಐದಾರು ಬೈಕ್ ನಿಲ್ಲುತ್ತವೆ. ಬಡಾವಣೆಯ ಗಿರಾಕಿ ಬರುವುದು ಬಹುತೇಕ ನಡೆದುಕೊಂಡೋ ಸ್ಕೂಟರಿನಲ್ಲೋ. ನಿಮ್ಮ ಎಣಿಕೆಯ ಪುಸ್ತಕ ತೆಗೆದು ನೋಡಿದರೆ ಇದು ಖಾತ್ರಿಯಾಗುತ್ತದೆ. ಇನ್ನೊಂದು ವಿಷಯ. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿ ಮುಂದೆ ನಿಂತಿರುವ ಗಾಡಿ ಬಹಳ ಸಲ ಅಂಗಡಿಯವರದ್ದೇ ಆಗಿರುತ್ತದೆ. ನಾವು ಮೊದಲು ನಮ್ಮ ಗಾಡಿಗಳನ್ನು ಅಡ್ಡರಸ್ತೆಗೆ ಸಾಗಿಸಬೇಕು.

ಹೆಜ್ಜೆ 6: ಬಾಡಿಗೆಯ ಲೆಕ್ಕ ಬಿಡಿಸಿ ಹೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮಳಿಗೆ ಖಾಲಿ ಬಿದ್ದಿರುವುದಕ್ಕೆ ಬಹಳ ಸಲ ಕಾರಣ ರಸ್ತೆ ಅಲ್ಲ, ಹತ್ತು ತಿಂಗಳ ಅಡ್ವಾನ್ಸ್.

ಉದಾಹರಣೆಗೆ ಒಂದು ಮಳಿಗೆಗೆ ಮಾಲೀಕರು ತಿಂಗಳಿಗೆ 25,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ ಅಂದುಕೊಳ್ಳಿ. ಹೊಸದಾಗಿ ವ್ಯಾಪಾರ ಮಾಡಲು ಬರುವವರು ಎರಡೂವರೆ ಲಕ್ಷವನ್ನು ಮಾಲೀಕರ ಕೈಗಿಡಬೇಕು. ಆಮೇಲೆ ಒಳಗಿನ ಕೆಲಸ, ಸರಕು, ಕರೆಂಟ್ ಡೆಪಾಸಿಟ್. ಅಷ್ಟು ಬಂಡವಾಳ ಇರುವವರು ನಿಮ್ಮ ರಸ್ತೆಗೆ ಯಾಕೆ ಬರುತ್ತಾರೆ, ಜನ ಇರುವ ಕಡೆಗೇ ಹೋಗುತ್ತಾರೆ. ಮಳಿಗೆ ಒಂದು ವರ್ಷ ಖಾಲಿ ಇದ್ದರೆ ಮಾಲೀಕರು ಕಳೆದುಕೊಳ್ಳುವುದು ಮೂರು ಲಕ್ಷ.

ಈಗ ಬೇರೆ ಲೆಕ್ಕ ನೋಡಿ. ಅಡ್ವಾನ್ಸ್ ನಾಲ್ಕು ತಿಂಗಳದ್ದು. ಒಳಗಿನ ಕೆಲಸ ನಡೆಯುವ ಎರಡು ತಿಂಗಳು ಬಾಡಿಗೆ ಇಲ್ಲ. ಮೊದಲ ವರ್ಷ 18,000, ಎರಡನೇ ವರ್ಷ 21,000, ಮೂರನೇ ವರ್ಷ 25,000. ಮೊದಲ ವರ್ಷವೇ ಮಾಲೀಕರಿಗೆ ಹತ್ತು ತಿಂಗಳ 1,80,000 ಸಿಗುತ್ತದೆ. ಮೂರನೇ ವರ್ಷಕ್ಕೆ ಅವರು ಕೇಳಿದ ಬಾಡಿಗೆಗೇ ಬಂದು ನಿಂತಿತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅವರ ಮುಂದಿಡಿ. ಬಾಯಲ್ಲಿ ಹೇಳಿದರೆ ‘ಬಾಡಿಗೆ ಇಳಿಸಿ ಅಂತಿದ್ದಾರೆ’ ಅಂತ ಮಾತ್ರ ಕೇಳಿಸುತ್ತದೆ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಕೂಡ ಒಂದು ತೊಡಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು. ಆ ಖರ್ಚು ಉಳಿಸಲು ಎಲ್ಲರೂ ಹನ್ನೊಂದು ತಿಂಗಳಿಗೇ ಬರೆಸುತ್ತಾರೆ. ಹನ್ನೊಂದು ತಿಂಗಳಿಗೆ ಎದ್ದು ಹೋಗಬೇಕಾಗಬಹುದು ಅಂತ ಗೊತ್ತಿದ್ದರೆ ಅಡುಗೆಮನೆಗೆ ಚಿಮಣಿ, ನೆಲಕ್ಕೆ ಟೈಲ್ಸ್ ಯಾರು ಹಾಕಿಸುತ್ತಾರೆ? ಮೂರು ವರ್ಷದ ನೋಂದಾಯಿತ ಕರಾರು ಮಾಡಿ, ನೋಂದಣಿ ಖರ್ಚನ್ನು ಇಬ್ಬರೂ ಹಂಚಿಕೊಳ್ಳಲಿ.

ಇದೇ ಸಭೆಯಲ್ಲಿ ಇನ್ನೊಂದು ಮಾತು ತೆಗೆದುಕೊಳ್ಳಿ. ಬೀದಿ ಚೆನ್ನಾದ ಮೇಲೆ ಬಾಡಿಗೆ ಏರುತ್ತದೆ. ಕಷ್ಟಕಾಲದಲ್ಲಿ ಶಟರ್ ಎತ್ತಿದ ಟೈಲರ್, ಪಂಚರ್ ಅಂಗಡಿಯವರು, ಚಪ್ಪಲಿ ಹೊಲಿಯುವವರು ಆಗ ಜಾಗ ಬಿಡಬೇಕಾಗಿ ಬಂದರೆ ನಾವು ಮಾಡಿದ್ದೆಲ್ಲ ಅನ್ಯಾಯದ ಕೆಲಸವಾಗುತ್ತದೆ. ಹಳಬರಿಗೆ ವರ್ಷಕ್ಕೆ ಇಷ್ಟೇ ಏರಿಕೆ ಅಂತ ಬೀದಿ ಸುಧಾರಿಸುವ ಮುಂಚೆಯೇ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಹೆಜ್ಜೆ 7: ಯಾರನ್ನು ಕರೆಯಬೇಕು?

ದೊಡ್ಡ ಬ್ರ್ಯಾಂಡಿನ ಹಿಂದೆ ಓಡಬೇಡಿ. ಅವರಿಗೆ ಇಷ್ಟು ಅಗಲದ ಮುಂಭಾಗ, ಇಷ್ಟು ಚದರಡಿ, ಇಷ್ಟು ಕಾರಿಗೆ ಜಾಗ ಅಂತ ಮೊದಲೇ ತೀರ್ಮಾನವಾಗಿರುತ್ತದೆ. ನಿಮ್ಮ ಹತ್ತು ಅಡಿ ಶಟರ್ ಅವರಿಗೆ ಸಾಲದು.

ಮೊದಲು ಬೇಕಾದದ್ದು ದಿನಾ ಬೆಳಿಗ್ಗೆ ಜನರನ್ನು ಎಳೆಯುವ ಒಂದು ಅಂಗಡಿ. ನಮ್ಮೂರಲ್ಲಿ ಅದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿನಿಂದ ನಿಂತು ತಿನ್ನುವ, ಬೇಗ ಸಿಗುವ, ಕೈಗೆಟುಕುವ ತಿಂಡಿ ಬೆಂಗಳೂರಿನ ಬೀದಿ ಬೀದಿಯನ್ನು ಬೆಳಿಗ್ಗೆ ಏಳಕ್ಕೇ ಎಬ್ಬಿಸುತ್ತಿದೆ. ಕಾಫಿ ಕುಡಿಯಲು ಬಂದವರು ಪೇಪರ್, ಹಾಲು, ಸೊಪ್ಪು ತಗೊಂಡು ಹೋಗುತ್ತಾರೆ. ಆದರೆ ಹೋಟೆಲಿಗೆ ಮಳಿಗೆ ಸುಮ್ನೆ ಸಿಕ್ಕರೆ ಆಗುವುದಿಲ್ಲ. ತ್ರೀ ಫೇಸ್ ಕರೆಂಟ್, ನೀರು, ಒಳಚರಂಡಿ ಸಂಪರ್ಕ, ಹೊಗೆ ಮೇಲಿನ ಮನೆಗೆ ನುಗ್ಗದ ಹಾಗೆ ಚಿಮಣಿ ಹೋಗುವ ದಾರಿ, ಇವೆಲ್ಲ ಇರಬೇಕು. ಮಾಲೀಕರು ಇವನ್ನು ಮಾಡಿಸಿಟ್ಟರೆ ಮಳಿಗೆಯ ಬೆಲೆಯೇ ಬೇರೆ.

ಆಮೇಲೆ ನಿಮ್ಮ ಐವತ್ತು ಮನೆಯ ಪಟ್ಟಿ ತೆಗೆಯಿರಿ. ಕನ್ನಡಕದ ಅಂಗಡಿ ಬೇಕು ಅಂತ ಬಂದಿದ್ದರೆ ಪಕ್ಕದ ಬಡಾವಣೆಯಲ್ಲಿ ಚೆನ್ನಾಗಿ ನಡೆಸುತ್ತಿರುವ ಕನ್ನಡಕದ ಅಂಗಡಿಗೆ ಹೋಗಿ. ಒಂದು ಅಂಗಡಿ ಗೆದ್ದು ಎರಡನೆಯದಕ್ಕೆ ಜಾಗ ಹುಡುಕುವವರು ಅತ್ಯುತ್ತಮ ಬಾಡಿಗೆದಾರರು. ಅವರಿಗೆ ಕೆಲಸ ಗೊತ್ತು, ಊರು ಗೊತ್ತು. ಇನ್ನೊಂದು ಕಡೆ ನೋಡಬೇಕಾದದ್ದು ಮನೆಯಲ್ಲೇ ವ್ಯಾಪಾರ ಮಾಡುವವರನ್ನು. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಂಡು ಹೋಳಿಗೆ, ಚಟ್ನಿಪುಡಿ ಮಾಡುವ ಹೆಂಗಸರು, ಕೇಕ್ ಮಾಡುವ ಹುಡುಗಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಒಬ್ಬೊಬ್ಬರಿಗೆ ಇಡೀ ಮಳಿಗೆ ಭಾರ. ಮೂವರು ಸೇರಿ ಒಂದು ಶಟರ್ ಹಂಚಿಕೊಳ್ಳಲಿ. ಖಾಲಿ ಮಳಿಗೆಯನ್ನು ದಸರೆಯಿಂದ ದೀಪಾವಳಿವರೆಗೆ ಮಾತ್ರ ಅವರಿಗೆ ಕೊಟ್ಟು ನೋಡಬಹುದು. ನಡೆದರೆ ಮುಂದುವರಿಯಲಿ.

ಹೋಗುವಾಗ ಒಂದು ಹಾಳೆ ಕೈಯಲ್ಲಿರಲಿ. ಎಣಿಕೆಯ ಅಂಕಿ, ಸುತ್ತಲಿನ ಮನೆಗಳ ಸಂಖ್ಯೆ, ಹತ್ತಿರದ ಶಾಲೆ, ಬಸ್ ಸ್ಟಾಪ್, ಮಳಿಗೆಯ ಅಳತೆ, ಕರೆಂಟ್ ಎಷ್ಟು ಕಿಲೋವ್ಯಾಟ್, ಬಾಡಿಗೆಯ ಕರಾರು. ಆ ವ್ಯಾಪಾರಕ್ಕೆ ಅಲ್ಲಿ ಟ್ರೇಡ್ ಲೈಸೆನ್ಸ್ ಸಿಗುತ್ತದಾ ಅಂತ ಮೊದಲೇ ವಿಚಾರಿಸಿರಿ. ಸುಳ್ಳು ಅಂಕಿ ಬೇಡವೇ ಬೇಡ. ಅವರೇ ಬಂದು ಒಂದು ಸಂಜೆ ನಿಂತು ನೋಡುತ್ತಾರೆ.

ಹೆಜ್ಜೆ 8: ಇರುವ ಹಬ್ಬವನ್ನೇ ಹಿಡಿಯಿರಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಅಂಟಿಕೊಂಡೇ ಬೆಳೆಯಿತು. ಅದು ಬಹಳ ಹಳೆಯದು, ಅಂಥದ್ದನ್ನು ಹೊಸದಾಗಿ ಕಟ್ಟಲು ಆಗುವುದಿಲ್ಲ. ಆದರೆ ಯುಗಾದಿ ಹಿಂದಿನ ದಿನ ಮಾವಿನ ಸೊಪ್ಪು ಬೇವಿನ ಹೂವಿಗೆ, ಗೌರಿ ಹಬ್ಬದ ಹಿಂದಿನ ದಿನ ಬಾಳೆಕಂದಿಗೆ ಜನ ಹೇಗೂ ಹೊರಗೆ ಬರುತ್ತಾರೆ. ಆ ಸಂಜೆ ಅವರು ನಿಮ್ಮ ಬೀದಿಗೆ ಬರುವಂತೆ ಮಾಡಿ. ಸಾಲು ದೀಪ, ವ್ಯಾಪಾರಿಗಳಿಗೆ ಗುರುತು ಮಾಡಿದ ಜಾಗ, ಹಿರಿಯರಿಗೆ ನಾಲ್ಕು ಕುರ್ಚಿ, ಟ್ರಾಫಿಕ್ ಪೊಲೀಸರ ಅನುಮತಿ. ಇಷ್ಟು ಸಾಕು.

ಹೆಜ್ಜೆ 9: ದೊಡ್ಡ ಕಾಮಗಾರಿ ಬಂದರೆ

ಕೆಲವೊಮ್ಮೆ ಸರ್ಕಾರವೇ ರಸ್ತೆ ಹೊಸದಾಗಿ ಮಾಡಿಕೊಡುತ್ತದೆ. 2018ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿ, ಫುಟ್‌ಪಾತ್ ಅಗಲ ಮಾಡಿದ ಮೇಲೆ ಅಲ್ಲಿ ನಡೆಯುವುದೇ ಖುಷಿ. ಚೆನ್ನೈನ ಪಾಂಡಿ ಬಜಾರ್ 2019ರಲ್ಲಿ ಹಾಗೆಯೇ ಬದಲಾಯಿತು. ಆದರೆ 2021ರಲ್ಲಿ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಹಾಸಿದ ಕಲ್ಲುಗಳನ್ನು ಕೆಲವೇ ತಿಂಗಳಲ್ಲಿ ಕಿತ್ತು ಮತ್ತೆ ಹಾಕಬೇಕಾಯಿತು. ಗಾಂಧಿ ಬಜಾರ್ ಕಾಮಗಾರಿ ಎಳೆದಾಡಿದಾಗ ವ್ಯಾಪಾರ ಬಿದ್ದುಹೋಯಿತು ಅಂತ ಅಲ್ಲಿಯವರು ನೊಂದುಕೊಂಡರು.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಮೂರು ವಿಷಯ ಕೇಳಿ. ಒಂದು ಸಲಕ್ಕೆ ಒಂದೇ ಬದಿ ಅಗೆಯಿರಿ. ನೀರು, ಒಳಚರಂಡಿ, ಕೇಬಲ್ ಎಲ್ಲ ಮುಗಿದ ಮೇಲೆಯೇ ಕಲ್ಲು ಹಾಸಿ. ಶ್ರಾವಣದಿಂದ ದೀಪಾವಳಿವರೆಗೆ ಅಂಗಡಿ ಬಾಗಿಲು ಮುಚ್ಚುವಂತೆ ಅಗೆಯಬೇಡಿ. ಇದನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಹೆಜ್ಜೆ 10: ಮೊದಲ ಶಟರ್ ತೆಗೆದ ದಿನ

ಆರು ತಿಂಗಳಿಗೊಮ್ಮೆ ಅದೇ ಬುಧವಾರ, ಅದೇ ಶನಿವಾರ, ಅದೇ ಕುರ್ಚಿಯಲ್ಲಿ ಕೂತು ಮತ್ತೆ ಎಣಿಸಿ. ಅಂಕಿ ಏರದಿದ್ದರೆ ಬೇಸರ ಬೇಡ, ಎಲ್ಲಿ ಜನ ರಸ್ತೆ ದಾಟುತ್ತಿದ್ದಾರೆ ಅಂತ ನೋಡಿ.

ಹೊಸ ಅಂಗಡಿ ಬಾಗಿಲು ತೆಗೆಯುವ ದಿನ ಬೆಳಿಗ್ಗೆ ಮಾತ್ರ ಎಲ್ಲ ಅಂಗಡಿಯವರೂ ಹೋಗಿ. ಪೂಜೆ ಮುಗಿಯಲಿ, ಕುಂಬಳಕಾಯಿ ಒಡೆಯಲಿ. ಒಡೆದ ಹೋಳುಗಳನ್ನು ಗಾಡಿಯವರು ಜಾರಿ ಬೀಳದಂತೆ ಪಕ್ಕಕ್ಕೆ ಸರಿಸಿ. ಆಮೇಲೆ ಒಬ್ಬೊಬ್ಬರೂ ಒಂದೊಂದು ಸಾಮಾನು ತಗೊಂಡು, ದುಡ್ಡು ಕೊಟ್ಟು, ಬೋಣಿ ಮಾಡಿ ಬನ್ನಿ. ಹೂವಿನ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರ ಕೈ ಬೋಣಿ ಒಳ್ಳೆಯದು ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ.